ಟೋಪಿ ಸ್ಟಾಕಿಲ್ಲ

ಬೋರ್ಡಿನ ಮೇಲೆ ಅಬ್ಬಾ ಬರೆಸಿದ್ದು ‘ಮದ್ದು ಗುಂಡು’.
ಬಳ್ಳಾರಿ ಬಿಸಿಲಿಗೆ ಗುಂಡಿನ ಬಣ್ಣ ಹಾರಿ
ಮದ್ದೊಂದೇ ಉಳಿದಿದೆ.
ಕೌಲ್ ಬಜಾರಿಗೆ ಹೊಸದಾಗಿ ಬಂದವರು
ಕೆಮ್ಮಿನ ಚೀಟಿ ಹಿಡಿದು ಮೆಟ್ಟಿಲು ಹತ್ತುತ್ತಾರೆ.
ಇದು ಆ ಮದ್ದಲ್ಲವ್ವಾ, ಎನ್ನುತ್ತೇನೆ.
ನಿಜ ಹೇಳಬೇಕೆಂದರೆ ಈ ಮದ್ದೂ ಇಲ್ಲ,
ಹೋದ ದೀಪಾವಳಿಯಿಂದ.

ಛರ್ರೆ ಚೀಲದ ತಳದಲ್ಲಿ ಒಂದಿಷ್ಟು ಇದೆ.
ಕಿಲೋಗೆ ಇನ್ನೂರ ಎಂಬತ್ತು ಇದ್ದದ್ದು
ಆರುನೂರು ದಾಟಿ ಕೂತಿದೆ.
ಸೀಸ,
ಆದರೂ ಮೇಲೆ ಮೇಲೆ ಹೋಗುತ್ತದೆ.

ಟೋಪಿಯದು ಇನ್ನೊಂದು ಕಥೆ.
ಕಿರುಬೆರಳ ಉಗುರಿಗಿಂತ ಚಿಕ್ಕ ತಾಮ್ರದ ಬಟ್ಟಲು,
ಕುದುರೆ ಬಡಿದರೆ ಕಿಡಿ, ಅಷ್ಟೇ ಅದರ ಆಯುಷ್ಯ.
ಅಬ್ಬಾ ಇದ್ದಾಗ ನೂರರ ಡಬ್ಬಿ ಲೆಕ್ಕ,
ಈಗ ಬಿಡಿಬಿಡಿಯಾಗಿ ಎಣಿಸಿ ಕೊಡುತ್ತೇನೆ,
ಅತ್ತರಿನಂಗಡಿಯವಳ ಹಾಗೆ.
‘ಮೇಲಿಂದಲೇ ಮಾಲು ಇಲ್ಲ ಮೇಡಂ’ ಎನ್ನುತ್ತಾನೆ
ಹೈದರಾಬಾದಿನ ಏಜೆಂಟು.
ಮೇಲೆ ಅಂದರೆ ಎಲ್ಲಿ, ನಾನೂ ಕೇಳಿಲ್ಲ.
‘ಟೋಪಿ ಮಾರೋದು ಬಿಟ್ಟು ಹಾಕಾಕ ಹತ್ತೀಯಲ್ಲ ಬೂಬಮ್ಮಾ’
ಗಿರಾಕಿಗಳ ತಮಾಷೆ.
ಮೊದಲ ಸಲ ನಾನೂ ನಕ್ಕಿದ್ದೆ.

ಮೊನ್ನೆ ಸಂಡೂರಿನ ಬಸ್ಸಿಳಿದು ಗಾದಿಲಿಂಗಪ್ಪ ಬಂದ.
ಬೀಜದ ಕಂಪನಿಯ ಕೈಚೀಲ, ಅದರೊಳಗೆ ಒಂದು ಟವೆಲ್ಲು,
ಟವೆಲ್ಲಿನೊಳಗೆ ಲೈಸೆನ್ಸಿನ ಪುಸ್ತಕ.
ತುಪಾಕಿ ಅವನ ತಾತನದು.
ಎಲೆಕ್ಷನ್ನು ಬಂದಾಗೆಲ್ಲ ಠಾಣೆಯಲ್ಲಿ ಎರಡು ತಿಂಗಳು ಮಲಗಿ
ಇನ್ನಷ್ಟು ತುಕ್ಕು ಹಿಡಿದು ಮನೆಗೆ ಬರುತ್ತದೆ.

ರೇಟು ಹೇಳಿದೆ.
ಅವನು ಸುಮ್ಮನೆ ಫ್ಯಾನು ನೋಡಿದ.
ಆಮೇಲೆ ಹೇಳಿದ:
‘ದಾರಿಯಾಗ ಮೈನ್ಸಿನ ವ್ಯಾನು ನಮ್ಮ ಬಸ್ ದಾಟಿ ಹೋತಮ್ಮಾ,
ಮೂಲೆಗೆ ಕೆಂಪು ಬಾವುಟ, ಹಿಂದೆ ಜೀಪು.
ಒಳಗೆಲ್ಲಾ ಮದ್ದೇ.
ಅದರಾಗಿಂದ ಒಂದು ಚಮಚ ಉದುರಿದ್ರ
ನನಗ ಮೂರು ವರ್ಷ ಸಾಕು.’

ಮಧ್ಯಾಹ್ನ ಎರಡಕ್ಕೆ ಅವರೂರಲ್ಲಿ ಸೈರನ್ನು ಕೂಗುತ್ತದಂತೆ.
ಗುಡ್ಡ ಒಮ್ಮೆ ಕುಂತು ಏಳುತ್ತದೆ,
ಮಂಚಿಗೆಯ ಮೇಲಿನ ಚೊಂಬಿನ ನೀರು ತುಳುಕುತ್ತದೆ,
ಮೆಕ್ಕೆಜೋಳದ ಎಲೆಯಿಂದ ಕೆಂಪು ಧೂಳು ಜಾರುತ್ತದೆ.
ಹಂದಿಗಳು?
‘ಅವು ಕಿವಿ ಸೈತ ಅಲ್ಲಾಡಿಸಲ್ಲ.
ಅಂಥಾ ಸದ್ದು ಕೇಳಿದ್ವು
ನನ್ನ ಠುಸ್ಸಿಗೆ ಯಾಕ ಹೆದರ್ತಾವು?
ಹೋದ ಸಲ ಹಾರಿಸಿದೆ. ಒಂದು ತಲೆ ಎತ್ತಿ ನೋಡ್ತು,
ಯಾರೋ ಕೆಮ್ಮಿದ್ರು ಅನ್ನೋ ಹಂಗ.
ಮತ್ತ ತೆನಿಗೆ ಬಾಯಿ ಹಾಕ್ತು.’

‘ಹಂಗಾದ್ರೆ ಇಷ್ಟು ರೊಕ್ಕ ಯಾಕೆ ಹಾಕ್ತೀರಿ?’
ಅಂಗಡಿಯವಳು ಕೇಳಬಾರದ ಮಾತು.
ಅಬ್ಬಾ ಇದ್ದಿದ್ದರೆ ಕಣ್ಣು ಬಿಡುತ್ತಿದ್ದರು.

ಗಾದಿಲಿಂಗಪ್ಪ ಟವೆಲ್ಲು ಮಡಿಸಿದ, ಬಿಚ್ಚಿದ, ಮಡಿಸಿದ.
‘ಖಾಲಿ ತುಪಾಕಿ ಹಿಡಕಂಡು ಒಂದು ಸುಗ್ಗಿ ಕುಂತೀನಮ್ಮಾ.
ಹಂದಿಗೆ ಗೊತ್ತಾಗಲ್ಲ.
ನನಗ ಗೊತ್ತಾಗತೈತಿ.’

ಐದು ಎಣಿಸಿದೆ. ರಿಜಿಸ್ಟರಿನಲ್ಲಿ ಐದು ಬರೆದೆ,
ಅವನು ಸಹಿ ಹಾಕಿದ, ಅಕ್ಷರಕ್ಕೊಮ್ಮೆ ನಿಂತು,
ಕೊನೆಯ ‘ಪ್ಪ’ದ ಒತ್ತು ಕೆಳಗಿನ ಗೆರೆ ದಾಟಿತು.
ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ
ಬೆಂಕಿಪೊಟ್ಟಣಕ್ಕೆ ಹಾಕಿಕೊಂಡ.
ಬೆಂಕಿಪೊಟ್ಟಣ ಬೇಡ, ಎಂದು ಗದರಿ
ಅಬ್ಬಾನ ಸುಣ್ಣದ ಡಬ್ಬಿ ಕೊಟ್ಟೆ.
ಖಾಲಿ ಇತ್ತು, ಬಿಳಿ ಇನ್ನೂ ಅಂಚಿಗೆ ಅಂಟಿತ್ತು.

ಬೀದಿಗಿಳಿದವನು ಅದನ್ನು ಕಿವಿಯ ಬಳಿ ಅಲ್ಲಾಡಿಸಿದ.
ಇನ್ನೊಮ್ಮೆ ಅಲ್ಲಾಡಿಸಿದ.
ಆಟೋದವನು ಹಾರನ್ನು ಹೊಡೆದರೂ
ಸರಿಯಲಿಲ್ಲ.