ಚೀಲವಿಲ್ಲದ ಸೌದೆ

ಬೈಕಂಪಾಡಿಯ ಮರದ ಮಿಲ್ಲುಗಳ ಹಿಂದೆ
ಗುಡ್ಡೆ ಬಿದ್ದಿತ್ತು ಗರಗಸದ ಹುಡಿ.
ನಾಯಿಯೂ ಮೂಸದ ಅದನ್ನು
ಬಿಸಿಯಾಗಿ ಒತ್ತಿ, ಕಿರುಬೆರಳಿಗಿಂತ ಸಣ್ಣ ತುಂಡು ಮಾಡಿ
ಸೌದೆ ಅಂದೆವು.
ಮಾಡುವುದು ಸುಲಭ, ಮುಟ್ಟಿಸುವುದೇ ಕಷ್ಟ
ಅಂತ ಯಾರೂ ಹೇಳಿರಲಿಲ್ಲ.

ಐವತ್ತು ಕಿಲೋ ಚೀಲ. ಒಂದು ಲೋಡಿಗೆ ನೂರ ಅರವತ್ತು.
ಇದಿನಬ್ಬ ಹೊರುತ್ತಿದ್ದ, ತಲೆಗೆ ಸಿಂಬಿ ಇಟ್ಟು,
ಕಾರ್ಕಳದ ಗೇರುಬೀಜದ ಕಾರ್ಖಾನೆಯ ಹಿಂದಿನ ಮೆಟ್ಟಿಲಲ್ಲಿ.
ಹದಿನಾಲ್ಕು ಮೆಟ್ಟಿಲು.
ನಾನು ಕೆಳಗೆ ನಿಂತು ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದೆ.
ಆರೇಳು ಚೀಲ ಹರಿದೇ ಹರಿಯುತ್ತಿತ್ತು;
ಹರಿದದ್ದು ಯಾರ ಲೆಕ್ಕಕ್ಕೆ ಎಂದು
ವಾರಕ್ಕೊಂದು ಜಗಳ.

ಲಿಗೋರಿ ಬಂದದ್ದು ಆಗ.
ಮೀನಿನ ಹುಡಿಯ ಫ್ಯಾಕ್ಟರಿಯಲ್ಲಿ ಬ್ಲೋವರ್ ರಿಪೇರಿ ಮಾಡಿ ಮಾಡಿ
ಬೆವರಿಗೂ ಬಂಗುಡೆಯ ವಾಸನೆ ಹತ್ತಿದವ.
"ನೀರು ಟ್ಯಾಂಕರಿನಲ್ಲಿ ಬರ್ತದೆ, ಸಿಮೆಂಟು ಬರ್ತದೆ,
ಕಟ್ಟಿಗೆಗೆ ಎಂತ ದಾಡಿ, ಯಮುನಕ್ಕ?"

ಸೊಸೈಟಿಯ ಸಾಲ, ಚಿಟ್‌ಫಂಡಿನ ದುಡ್ಡು,
ಪಣಂಬೂರಿನಲ್ಲಿ ತುಕ್ಕು ಹಿಡಿದು ನಿಂತಿದ್ದ ಸಿಮೆಂಟಿನ ಹಳೆ ಬಲ್ಕರ್.
ಬಣ್ಣ ಬಳಿದೆವು. ಹಸಿರು ಸಾಲಲಿಲ್ಲ;
ಬಾಗಿಲು ಮಾತ್ರ ನೀಲಿ.

ಮೊದಲ ಲೋಡು ಮೂಡುಬಿದಿರೆ ದಾರಿಯ ಕುಚ್ಚಲಕ್ಕಿ ಮಿಲ್ಲಿಗೆ.
ಪೈಪು ಜೋಡಿಸಿ ಗಾಳಿ ಬಿಟ್ಟೆವು.
ಮೂವತ್ತು ನಿಮಿಷಕ್ಕೆ ಎಂಟು ಟನ್ನು ಮೇಲೆ!
ಮಿಲ್ಲಿನ ಹುಡುಗರ ಚಪ್ಪಾಳೆ.
ಸಂಜೀವ ಪೂಂಜರು ಮುಚ್ಚಳ ತೆಗೆದು ಕೈ ಹಾಕಿದರು,
ಹೊರಗೆಳೆದರು:
ಹುಡಿ.
ಬೈಕಂಪಾಡಿಯಲ್ಲಿ ಬಿಟ್ಟುಬಂದೆವೆಂದುಕೊಂಡ ಅದೇ ಹುಡಿ.
ಬೈಯಲಿಲ್ಲ ಅವರು. ಚಾ ಕುಡಿಸಿದರು.
ಅದೇ ಹೆಚ್ಚು ಉರಿಯಿತು.

ಆಮೇಲಿನದೆಲ್ಲ ಬಾಗುವ ಪಾಠ.
ಪೈಪು ಮೊಣಕೈಯಂತೆ ಮುರಿಯಬಾರದು,
ದೋಣಿಯ ಹಗ್ಗದಂತೆ ಸುತ್ತು ಹಾಕಿ ಬಾಗಬೇಕು.
ಗಾಳಿ ದೂಡಬಾರದು, ಎತ್ತಿಕೊಂಡು ಹೋಗಬೇಕು,
ಮಲಗಿದ ಮಗುವನ್ನು ಬಸ್ಸಿನಿಂದ ಇಳಿಸುವ ಹಾಗೆ.
ಎಷ್ಟು ಎಂದು ಮೀಟರು ಹೇಳುವುದಿಲ್ಲ.
ಹೇಳುವವ ಇದಿನಬ್ಬ.

ಹೊರುವ ಕೆಲಸ ಹೋದ ಮೇಲೆ ಮೂರು ದಿನ ಅವ ಬರಲಿಲ್ಲ.
ನಾಲ್ಕನೆಯ ದಿನ ಬಂದು
ಸಿಂಬಿಯನ್ನು ಲಾರಿಯ ಸೀಟಿಗೆ ಹಾಕಿ ಅದರ ಮೇಲೆ ಕೂತ.
ತನ್ನ ಕೂಲಿ ನುಂಗಿದ ಹಾವು ಇದೇನಾ ಎಂಬಂತೆ
ಪೈಪಿನ ಮೇಲೆ ಅಂಗೈ ಇಟ್ಟವ
ತೆಗೆಯಲೇ ಇಲ್ಲ.
"ಗೆರಸೆಯಲ್ಲಿ ಅಕ್ಕಿ ಕೇರಿದ ಹಾಗೆ ಕೇಳ್ಬೇಕು ಇದು.
ಈಗ ಜಲ್ಲಿ ಸುರಿದ ಹಾಗೆ ಉಂಟು. ಇಳಿಸಿ."
ಲಿಗೋರಿ ಇಳಿಸಿದ.

ಜೂನಿನಲ್ಲಿ ಉಡುಪಿಯ ಹೋಟೆಲಿಗೆ ಹೊರಟಾಗ
ಉದ್ಯಾವರದ ಸೇತುವೆಯ ಮೇಲೆ ಮಳೆ ಹಿಡಿಯಿತು.
ಮುಚ್ಚಳದ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು.
ಒಂದು ಬುಟ್ಟಿ ಸೌದೆ ನೀರು ಕುಡಿದು ಉಬ್ಬಿ
ತಾನು ಯಾವ ಮರವಾಗಿದ್ದೆ ಎಂದು ನೆನಪಿಸಿಕೊಳ್ಳುತ್ತಿತ್ತು.
ಮೂಸಿ ನೋಡಿದೆ. ಹಲಸು.
ಬಿಲ್ಲಿನಿಂದ ಒಂದು ಬುಟ್ಟಿ ಕಳೆದೆ.

ಈಗ ಹನ್ನೊಂದು ಗಿರಾಕಿ.
ರಾತ್ರಿ ಎರಡಕ್ಕೆ ಫೋನು: ಬಾಯ್ಲರ್ ಹಸಿದಿದೆಯಂತೆ.
ಪೂಂಜರು ಮಾತ್ರ ಇನ್ನೂ ಚೀಲದಲ್ಲೇ ತರಿಸುತ್ತಾರೆ, ಬೇರೆಯವರಿಂದ.
ಆ ದಾರಿಯಲ್ಲಿ ಹೋಗುವಾಗ ಲಿಗೋರಿ ಒಂದು ಹಾರ್ನ್ ಹಾಕುತ್ತಾನೆ,
ಯಾಕೆಂದು ನಾನು ಕೇಳುವುದಿಲ್ಲ.
ಕಿಟಕಿಯಿಂದ ಬೆಂದ ಭತ್ತದ ವಾಸನೆ ಒಳಗೆ ಬರುತ್ತದೆ.
ನಮ್ಮ ಬೆಂಕಿಯಲ್ಲ ಅದು.
ಆದರೂ ಹಸಿವಾಗುತ್ತದೆ.