ಬೇಸಿಗೆಯಲ್ಲಿ ಕರಗುವವರು

ಜೂನ್ ಹತ್ತಕ್ಕೆ ನನ್ನ ಸಂಬಳ ನಿಲ್ಲುತ್ತದೆ.
ಶಾಲೆಯ ಬೀಗದ ಕೈ ಒಪ್ಪಿಸಿ
ಪಟ್ಟಿಯೊಂದನ್ನು ಚೀಲದಲ್ಲಿಟ್ಟುಕೊಂಡು ಬಂದೆ.
ಮೂವತ್ತೊಂದು ಹೆಸರು, ಪೆನ್ಸಿಲ್ಲಿನಲ್ಲಿ.
ಅಷ್ಟೂ ಮಂದಿಗೆ ಕಾಲೇಜಿನ ಕಾಗದ ಬಂದಿದೆ,
ಅಷ್ಟೂ ಮಂದಿ ಚೌಕ ಟೋಪಿ ತೊಟ್ಟು
ಆಫೀಸಿನ ಗೋಡೆಯ ಮೇಲೆ ನಗುತ್ತಿದ್ದಾರೆ.
ಪ್ರಿನ್ಸಿಪಾಲರ ಲೆಕ್ಕ ಅಲ್ಲಿಗೆ ಚುಕ್ತಾ.

ಕೈಗೆ ಬಂದ ತುತ್ತು
ಬಾಯಿಗೆ ಬರಬೇಕಾದರೆ ಇರುವುದು ಗೇಣುದ್ದ ದಾರಿ.
ಯಾಕಿಮಾ ಕಣಿವೆಯಲ್ಲಿ ಆ ಗೇಣಿಗೆ
ಜೂನು, ಜುಲೈ, ಆಗಸ್ಟು ಎಂದು ಹೆಸರು.

ಚೆರ್ರಿ ಹಣ್ಣಾಗುವುದೂ ಆಗಲೇ.
ಬೆಳಗಿನ ಜಾವ ಮೂರೂವರೆಗೆ ಹಣೆಗೆ ದೀಪ ಕಟ್ಟಿ
ಏಣಿ ಹತ್ತಿದ ನನ್ನ ಮಕ್ಕಳು
ಬಿಸಿಲು ಬಲಿಯುವ ಮುನ್ನ ಇಳಿಯುತ್ತಾರೆ.
ಹನ್ನೊಂದಕ್ಕೆ ಮಾಡಿದರೆ ಫೋನು ಎತ್ತುತ್ತಾರೆ.
ದಿನಸಿ ಅಂಗಡಿಯೆದುರು ಕಾರು ನಿಲ್ಲಿಸಿ
ಸ್ಟೀರಿಂಗಿನ ಮೇಲೆ ಪಟ್ಟಿ ಹರಡುತ್ತೇನೆ.

"ಎರೆಂದಿರಾ, ದಡಾರದ ಲಸಿಕೆ ಚೀಟಿ ಕಳಿಸಿದೆಯಾ?"
"ಅದು ಮಿಚೊಆಕಾನಿನಲ್ಲಿದೆ ಮಿಸ್, ಅಜ್ಜಿ ಪೆಟ್ಟಿಗೇಲಿ.
ಇಲಿ ತಿಂದಿರದಿದ್ದರೆ."
"ಮತ್ತೆ ಚುಚ್ಚಿಸಿಕೋ. ಗುರುವಾರ ಕ್ಲಿನಿಕ್ಕಿನಲ್ಲಿ ಪುಕ್ಕಟೆ."
"ಗುರುವಾರ ಕೊಯ್ಲು, ಮಿಸ್."
"ಸಂಜೆ ಆರರತನಕ ಇರುತ್ತಾರೆ. ನಾನೇ ಬರುತ್ತೇನೆ, ಇಸ್ತ್ರಿ ಗಿಸ್ತ್ರಿ ಬೇಡ,
ಇದ್ದ ಬಟ್ಟೆಯಲ್ಲೇ ಹತ್ತು."

ಹೀಗೆ ಕರಗುತ್ತಾರೆ.
ಬೇಡವೆಂದು ಯಾರೂ ಅನ್ನುವುದಿಲ್ಲ,
ಯಾವ ಅಪ್ಪನೂ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ.
ಒಂದು ಪಾಸ್‌ವರ್ಡು ಮರೆತುಹೋಗುತ್ತದೆ,
ಶಾಲೆ ಕೊಟ್ಟ ಇ-ಮೇಲು ಜುಲೈ ಒಂದಕ್ಕೆ ಸಾಯುತ್ತದೆ,
ಹಾಸ್ಟೆಲಿನ ಮುಂಗಡ ಇನ್ನೂರು ಡಾಲರು
ತಮ್ಮನ ಹುಳುಕು ಹಲ್ಲಿಗೆ ಹೋಗುತ್ತದೆ.
ಅಷ್ಟರಲ್ಲಿ ಸೇಬಿನ ಷೆಡ್ಡಿನವರು
ವರ್ಷಪೂರ್ತಿ ಕೆಲಸವಿದೆ ಅನ್ನುತ್ತಾರೆ.
"ಮುಂದಿನ ವರ್ಷ ಹೋಗ್ತೀನಿ ಮಿಸ್."

ಮುಂದಿನ ವರ್ಷ. ನಾನೂ ಅಂದಿದ್ದೆ.
ಹನ್ನೊಂದು ಮುಂದಿನ ವರ್ಷಗಳು
ಬೆಲ್ಟಿನ ಮೇಲೆ ಸೇಬಿನ ಜತೆ ಉರುಳಿ ಹೋದವು.
ಕೊಳೆತದ್ದನ್ನು ಕಣ್ಣು ಹಿಡಿಯಲು ಮುಕ್ಕಾಲು ಸೆಕೆಂಡು,
ಕೈ ತಾನಾಗಿಯೇ ಎತ್ತಿ ಎಸೆಯುತ್ತದೆ.
ಆ ಚಳಕ ಇನ್ನೂ ಬಿಟ್ಟಿಲ್ಲ.
ಪಟ್ಟಿಯ ಮೇಲೆ ಬೆರಳಾಡಿಸುವಾಗ
ಅದಕ್ಕೇ ನನಗೆ ನನ್ನದೇ ಭಯ.

ಎರೆಂದಿರಾಳ ಅಡುಗೆಮನೆಯಲ್ಲಿ ಅರ್ಜಿ ತುಂಬಿದೆವು.
ತಾಯಿಯ ವಿದ್ಯಾಭ್ಯಾಸ: ಮೂರನೇ ಕ್ಲಾಸಿಗೆ ಚೌಕವೇ ಇಲ್ಲ.
"ಇತರೆ ಅಥವಾ ಗೊತ್ತಿಲ್ಲ" ಎಂಬುದಕ್ಕೆ ಗುರುತು ಹಾಕು ಅಂದೆ.
ಹುಡುಗಿ ಅಮ್ಮನಿಗೆ ಅದನ್ನು ಸ್ಪ್ಯಾನಿಷಿನಲ್ಲಿ ಓದಿ ಹೇಳಿದಳು.
ಆಕೆ ಒಲೆ ಸಣ್ಣಗೆ ಮಾಡಿ ಬಂದಳು.
"ಗೊತ್ತಿಲ್ಲ ಹೇಗಾಗುತ್ತದೆ?
ಮೂರನೇ ಕ್ಲಾಸು. ಟೀಚರು ದೋನ್ಯಾ ಕೂಕಾ.
ನಾನು ಎರಡನೇ ಬೆಂಚಿನಲ್ಲಿ, ಕಿಟಕಿ ಪಕ್ಕ.
ಅದನ್ನೂ ಬರಿ."
ಎಲ್ಲಿ ಬರೆಯಲಿ? ಅಂಚಿನಲ್ಲಿ ಬರೆದೆ.
ಕಂಪ್ಯೂಟರಿಗೆ ಅಂಚಿಲ್ಲವಾದ್ದರಿಂದ ನನ್ನ ಪಟ್ಟಿಯ ಅಂಚಿನಲ್ಲಿ.

ಆಗಸ್ಟು ಮುಗಿಯುವಾಗ ಇಪ್ಪತ್ತೆರಡು.
ಲಿಸಾಂದ್ರೋನ ನಂಬರು ಬಳಕೆಯಲ್ಲಿಲ್ಲವಂತೆ.
ಅವನ ಟ್ರೇಲರಿನ ಬಾಗಿಲು ತಟ್ಟಿದೆ.
ತಂಗಿ ಪರದೆಯಾಚೆಯಿಂದಲೇ ಹೇಳಿದಳು,
"ಹಾಪ್ಸ್ ತೋಟಕ್ಕೆ ಹೋಗಿದ್ದಾನೆ, ರಾತ್ರಿ ಪಾಳಿ."
ಬಿಯರಿಗೆ ಕಹಿ ಕೊಡುವ ಬಳ್ಳಿಯದು,
ಕೊಯ್ದವನ ಕೈಯಿಂದ ವಾಸನೆ ವಾರವಾದರೂ ಹೋಗದು.

ಅಕ್ಟೋಬರಿನಲ್ಲಿ, ಮಲಗುವ ಹೊತ್ತಿಗೆ ಫೋನು.
"ಮಿಸ್, ಸುಮ್ಮನೆ ಒಂದು ಮಾತು.
ಆಫೀಸ್ ಅವರ್ಸ್ ಅಂತ ಬಾಗಿಲ ಮೇಲೆ ಬರೆದಿರ್ತಾರಲ್ಲ,
ಆವಾಗ ಪ್ರೊಫೆಸರು ಕೆಲಸದಲ್ಲಿರ್ತಾರೆ,
ತಟ್ಟಬಾರದು, ಅಲ್ವಾ?"
ಆರು ವಾರ ಆ ಹುಡುಗಿ
ಆ ಬಾಗಿಲಿನ ಮುಂದೆ ಸದ್ದಿಲ್ಲದೆ ಹಾದುಹೋಗಿದ್ದಾಳೆ!
"ಅದು ನಿನಗಾಗಿ ಕೂತಿರುವ ಹೊತ್ತು ಕಣೇ," ಅಂದೆ.
ಆ ಕಡೆ ಬಹಳ ಹೊತ್ತು ಮಾತಿಲ್ಲ.
"ಛೆ," ಅಂದಳು ಆಮೇಲೆ, ನಕ್ಕಳು.

ಲಿಸಾಂದ್ರೋನ ಹೆಸರು ಇನ್ನೂ ಅಳಿಸಿಲ್ಲ.
ಹಾಪ್ಸ್ ಕೊಯ್ಲು ಮುಗಿದಿದೆ. ಸಮುದಾಯ ಕಾಲೇಜಿನ
ಚಳಿಗಾಲದ ಅವಧಿ ಜನವರಿಗೆ ಶುರು.
ವೆಲ್ಡಿಂಗಿಗೆ ನಾಲ್ಕು ಸೀಟು ಉಳಿದಿವೆಯಂತೆ,
ಕೇಳಿಟ್ಟಿದ್ದೇನೆ.