ಹದಿನಾಲ್ಕು ಅಡಿ

ಮೇ ತಿಂಗಳ ಗಾಳಿಗೆ ಡಾಕ್ಟರ ಶೆಡ್ಡಿನ ತಗಡು ಕಿತ್ತು
ಕುಡತಿನಿ ಕಡೆಯ ಎರೆಹೊಲದಲ್ಲಿ ಹೋಗಿ ಬಿತ್ತು.
ಅವರ ವಿಮಾನ ಮೂರು ರಾತ್ರಿ ಬಯಲಲ್ಲೇ ಇತ್ತು.
ಬೆಳಗ್ಗೆ ಒರೆಸಿದರೆ ಬಟ್ಟೆ ಕೆಂಪು,
ಮತ್ತೆ ಒರೆಸಿದರೆ ಮತ್ತೆ ಕೆಂಪು.
ನಾಲ್ಕನೇ ದಿನ ಇಬ್ಬರೂ ಮಾಲಕರು ಬಂದರು,
ಬೇರೆ ಬೇರೆ ಕಾರಿನಲ್ಲಿ.
ಒಬ್ಬರ ಮುಖ ಒಬ್ಬರು ನೋಡದೆ
ಇಬ್ಬರೂ ನನಗೇ ಹೇಳಿದರು:
ಗಾದಿಲಿಂಗ, ಎರಡನ್ನೂ ಒಂದರಲ್ಲೇ ಹಾಕು.

ಉಳಿದ ಶೆಡ್ಡು ಐವತ್ತೆರಡು ಅಡಿ ಅಗಲ.
ಗ್ರಾನೈಟಿನವರದು ರೆಕ್ಕೆತುದಿಯಿಂದ ತುದಿಗೆ ಮೂವತ್ತಾರು,
ಡಾಕ್ಟರದು ಮೂವತ್ತು.
ಇಟ್ಟಿಗೆ ಚೂರಿಂದ ಗೋಡೆ ಮೇಲೆ ಕೂಡಿಸಿದೆ, ಕಳೆದೆ.
ಹದಿನಾಲ್ಕು ಅಡಿ ಹೆಚ್ಚು.
ವಾಚ್‌ಮನ್ ಮಾಬುಸಾಬ ನಕ್ಕ:
ಒಂದು ಒರೆಗೆ ಎರಡು ಕತ್ತಿ ಹೊಂದ್ತಾವೇನಪ್ಪ?

ರಾತ್ರಿ ರೊಟ್ಟಿ ಮುರಿದು ಹಾಗೇ ಕೂತಿದ್ದೆ.
ಸುಂಕಮ್ಮನಿಗೆ ಹೇಳಬೇಕಾಯಿತು.
ಕೌಲ್‌ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ಹತ್ತೊಂಬತ್ತು ವರ್ಷದಿಂದ ಮಾರ್ಕಿಂಗ್ ಅವಳದು:
ಒಂದು ಕಾಲಿನ ಪಕ್ಕ ಇನ್ನೊಂದು ಕಾಲು, ತಲೆಕೆಳಗಾಗಿ,
ತೊಡೆಯ ದಪ್ಪಕ್ಕೆ ಪಾದದ ಸಪೂರ,
ಮಿಕ್ಕ ಸಂದಿಗೆ ಜೇಬು,
ಜೇಬಿನ ಸಂದಿಗೆ ಬೆಲ್ಟಿನ ಲೂಪು.
ನೆಲಕ್ಕೆ ಬಿದ್ದ ಚಿಂದಿ ತೂಗಿ
ಮಾಸ್ತರ ಆ ದಿನದ ಬೈಗುಳ ಗೊತ್ತುಮಾಡುತ್ತಾನೆ.

ಅಳತೆ ಹೇಳು, ಅಂದಳು.
ಅಡಿಗೊಂದು ಅಂಗುಲ. ಖಾಕಿ ಕಾಗದ, ದೊಡ್ಡ ಕತ್ತರಿ.
ಬಾಲದ ಹತ್ತಿರ ಕೈ ನಿಲ್ಲಿಸಿ ಕೇಳಿದಳು,
ಇಷ್ಟು ದೊಡ್ಡ ಮೈಗೆ ಇಷ್ಟೇ ಕುಂಡೇನಾ?
ನೆಲದ ಮೇಲೆ ಶೆಡ್ಡು ಬರೆದಳು.
ಒಂದರ ಮೂತಿ ಬಾಗಿಲಿಗೆ, ಇನ್ನೊಂದರ ಬಾಲ ಬಾಗಿಲಿಗೆ.
ಹದಿನಾಲ್ಕು ಹೋಗಿ ಒಂಬತ್ತಾಯಿತು,
ಓರೆ ಮಾಡಿದಾಗ ಆರಾಯಿತು,
ಆರರಲ್ಲಿ ನಿಂತುಬಿಟ್ಟಿತು.
ಅರಿವೆ ಸಾಲದು, ಎಂದು ಕತ್ತರಿ ಮಡಿಚಿದಳು.

ಒಂದರ ಮೇಲೊಂದು ಇಡು, ಅಂದೆ.
ಕುಡಿದಾನೇನೋ ಎಂಬಂತೆ ನೋಡಿದಳು.
ಗೆರೆ ಮೇಲೆ ಗೆರೆ ಬಿದ್ದರೆ ಎರಡೂ ಪೀಸು ದಂಡ,
ಅವಳ ಟೇಬಲ್ಲಿನ ಮೊದಲ ಪಾಠ ಅದು.

ಹಂಗಲ್ಲ. ಗ್ರಾನೈಟಿನವರದಕ್ಕೆ ರೆಕ್ಕೆ ತಲೆ ಮೇಲೈತೆ, ಕೊಡೆ ಹಿಡಿದಂಗೆ.
ಡಾಕ್ಟರದಕ್ಕೆ ಹೊಟ್ಟೆ ಕೆಳಗೈತೆ.
ನಡುವೆ?
ನಡುವೆ ಗಾಳಿ.
ಗಾಳಿಗೂ ಗಜದ ಲೆಕ್ಕ ಐತೇನು, ಅಂದಳು.

ಎರಡು ಲೋಟ ಮಗುಚಿ ದೊಡ್ಡ ಕಾಗದ ಎತ್ತಿ ಇಟ್ಟೆ.
ಸಣ್ಣದನ್ನು ಅವಳೇ ತಳ್ಳಿದಳು, ಒಂದೇ ಬೆರಳಲ್ಲಿ,
ಗೆರೆ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡು.
ಏನೂ ಕೆಡಲಿಲ್ಲ.
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಮರುದಿನ ಅವಳ ನೀಲಿ ಸೀಮೆಸುಣ್ಣದಿಂದ
ಒಂದೊಂದು ಗಾಲಿಗೂ ಸಿಮೆಂಟಿನ ಮೇಲೆ ದಾರಿ ಎಳೆದೆ.
ಮೊದಲು ಇದು, ಬಾಲ ಮುಂದಾಗಿ. ಆಮೇಲೆ ಅದು.
ಮಾಬುಸಾಬ ರೆಕ್ಕೆ ಕೆಳಗೆ ಬಗ್ಗಿ
ಬಾ, ಬಾ, ಇನ್ನೂ ಬಾ, ಎಂದು ಕೂಗುತ್ತ
ಕೊನೆಗೆ ಅಂಗೈ ಅಡ್ಡ ಹಿಡಿದ.
ರೆಕ್ಕೆಗೂ ರೆಕ್ಕೆಗೂ ನಡುವೆ ಮೂರು ಗೇಣು.
ಟ್ಯಾಂಕು ತುಂಬಿಸಿದ ದಿನ ಮೇಲಿನ ರೆಕ್ಕೆ ಇಳಿಯುತ್ತದೆ,
ಎರಡು ಬೆರಳು ಕಡಿಮೆ ಎಂದು ಬರೆದಿಟ್ಟಿದ್ದೇನೆ.
ಈಗ ಗ್ರಾನೈಟಿನವರು ಹಾರಬೇಕಾದರೆ
ಡಾಕ್ಟರದು ಹೊರಗೆ ಬರಲೇಬೇಕು.
ಅವನಿಗೆ ಹೇಳು, ಎಂದು ನನಗೆ ಫೋನು ಬರುತ್ತದೆ.
ಹೇಳುತ್ತೇನೆ.

ಭಾನುವಾರ ಸುಂಕಮ್ಮ ಬಂದಳು, ಬುತ್ತಿ ಕಟ್ಟಿಕೊಂಡು.
ವಿಮಾನ ನೋಡು ಅಂದರೆ
ಅವಳ ಕಣ್ಣು ಎಡಗಡೆ ಮೂಲೆಗೆ ಹೋಯಿತು.
ಸೆರಗು ಸಿಕ್ಕಿಸಿ, ಟೇಪು ಹಿಡಿದು, ಕೂತು ಅಳೆದಳು.
ಇಷ್ಟು ಜಾಗ ದಂಡ ಆತಲ್ಲ, ಅಂದಳು.

ಸೋಮವಾರದಿಂದ ಅಲ್ಲಿ ಮಾಬುಸಾಬನ ಮಂಚ ಇದೆ.